ಸುಹರಾ ಟೀಚರ್‌ಗೆ ಕೊಡದ ಕೋಣೆ

ಮೊದಲು ಪಟ್ಟಿ. ನಮಸ್ಕಾರ ಆಮೇಲೆ.

ಕುರುಡ ಶಿಕ್ಷಕರಿಗೆಲ್ಲ ಮಾತಾಡುವ ಕಂಪ್ಯೂಟರ್ ಕೊಡುತ್ತೇವೆ ಅಂದರು — ಕೊಡಲಿಲ್ಲ. ತಾಲೂಕಿಗೊಬ್ಬ ತರಬೇತುದಾರ ಬರುತ್ತಾನೆ ಅಂದರು — ಬರಲಿಲ್ಲ. ಪಿಂಚಣಿ ಅರ್ಜಿಯನ್ನು ನೀವೇ ತುಂಬುವ ಹಾಗೆ ಮಾಡುತ್ತೇವೆ ಅಂದರು — ಇವತ್ತಿಗೂ ಆ ಅರ್ಜಿಯ ಕೊನೆಯಲ್ಲಿ 'ಚಿತ್ರದೊಳಗಿನ ಅಕ್ಷರ ನೋಡಿ ಬರೆಯಿರಿ' ಅಂತಿದೆ. ನಮಗೆ ಹೇಳುತ್ತಾರೆ, ನೋಡಿ ಬರೆಯಿರಿ ಅಂತ. ಇವಿಷ್ಟು ಮೇಲಿನವರ, ಸರ್ಕಾರದ ಪಾಲು.

ಇನ್ನೊಂದಿದೆ. ಈ ಕಟ್ಟಡದ ಹಿಂದಿನ ಕೋಣೆಯನ್ನು ಸುಹರಾ ಟೀಚರ್‌ಗೆ ಕೊಡುತ್ತೇವೆ ಎಂದು ನಮ್ಮದೇ ಸಂಘ ಮಾತು ಕೊಟ್ಟಿತ್ತು. ಕೊಡಲಿಲ್ಲ. ಯಾರು ಕೊಡಲಿಲ್ಲ ಎನ್ನುವುದಕ್ಕೆ ಬರುತ್ತೇನೆ. ಓಡಿಹೋಗುವುದಿಲ್ಲ.

ಈಗ ನಮಸ್ಕಾರ. ಪಯ್ಯೋಳಿಯಿಂದ, ನಾದಾಪುರದಿಂದ, ಇಲ್ಲೇ ವಡಗರದ ಗಲ್ಲಿಗಳಿಂದ ಕೋಲು ಊರಿಕೊಂಡು ಬಂದ ಸಂಗಾತಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ಟೀಚರ್ ಅವರ ಅಣ್ಣ ಅಬೂಬಕ್ಕರ್ ಇಕ್ಕ, ಟೀಚರ್ ಮಗಳು ನಸೀಮಾ — ನಿಮ್ಮ ಮನೆಯ ದುಃಖದಲ್ಲಿ ಸಂಘದ ಪ್ರತಿಯೊಬ್ಬರೂ ಪಾಲುದಾರರು. ನಾನು ಗಂಗಾಧರನ್ ಮಾಷ್. ಹದಿನಾಲ್ಕು ವರ್ಷದಿಂದ ಈ ಅಂಧರ ಸಂಘದ ಕಾರ್ಯದರ್ಶಿ. ಟೀಚರ್ ಮತ್ತು ನಾನು ಒಂದೇ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವರು. ಅವರು ಚರಿತ್ರೆ, ನಾನು ಮಲಯಾಳ.

ಒಳಗೆ ಬಂದು ಕೂತಾಗ ಒಂದು ಕೆಲಸ ಮಾಡಿದೆ. ಹೇಳಿಬಿಡುತ್ತೇನೆ. ಕುರ್ಚಿ ಎಳೆಯುವ ಸದ್ದು ಎಣಿಸಿದೆ. ಕೋಲನ್ನು ಗೋಡೆಗೆ ಒರಗಿಸುವ ಸದ್ದು ಎಣಿಸಿದೆ. ನೂರಾ ಅರವತ್ತರ ಮೇಲೆ ಲೆಕ್ಕ ತಪ್ಪಿತು. ನಾನು ಸತ್ತರೆ ಇಷ್ಟು ಜನ ಬರುತ್ತಾರಾ — ಅಂತ ಯೋಚಿಸಿದೆ. ಟೀಚರ್ ಹೋಗಿ ಹದಿನೆಂಟು ದಿನವಾಯಿತು. ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.

ಹೌದು, ಹೊಟ್ಟೆಕಿಚ್ಚು. ಇಂಥ ಸಭೆಯಲ್ಲಿ ಆಡುವ ಮಾತಲ್ಲ. ಬೇರೆ ಮಾತು ನನ್ನ ಹತ್ತಿರ ಇಲ್ಲ.

ಟೀಚರ್ ಮಾಡಿದ್ದೇನು? ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮೆಲ್ಲರ ಫೋನಿಗೆ ಅವರ ದನಿ ಬರುತ್ತಿತ್ತು. ಎರಡೇ ನಿಮಿಷ. 'ಅಸ್ಸಲಾಮು ಅಲೈಕುಂ, ನಮಸ್ಕಾರ, ಸುಹರಾ ಮಾತಾಡ್ತಿದೀನಿ. ಬೆರಳು ಕೀಬೋರ್ಡ್ ಮೇಲಿಡಿ.' ಅಷ್ಟೇ ಪೀಠಿಕೆ. ನನ್ನ ಪೀಠಿಕೆಯೇ ಇಪ್ಪತ್ತು ನಿಮಿಷ ಇರುತ್ತದೆ, ನಿಮಗೆ ಗೊತ್ತು. ಅವರು ನೇರ ವಿಷಯಕ್ಕೆ — 'ಮೌಸನ್ನ ತೆಗೆದು ಡ್ರಾಯರ್ ಒಳಗೆ ಹಾಕಿ, ಅದು ನಮಗಲ್ಲ.' 'ಅಳಿಸೋ ಕೀ ಮೇಲೆ ಗೋಂದು ಹಚ್ಚಿ ಒಂದು ಅಕ್ಕಿಕಾಳು ಅಂಟಿಸಿ. ಬೆರಳಿಗೆ ಚುಚ್ಚಿದ ಕೂಡಲೇ ಒಂದು ಸಲ ಯೋಚನೆ ಮಾಡಿ.' 'ಫೈಲಿಗೆ ಹೊಸದು, ಹೊಸದು ಎರಡು, ಹೊಸದು ಮೂರು ಅಂತ ಹೆಸರಿಡಬೇಡಿ. ಮಕ್ಕಳಿಗೆ ಹಾಗೆ ಇಡ್ತೀರಾ?' 'ಚಾಯ ತರೋಕೆ ಏಳೋ ಮುಂಚೆ ಕಂಟ್ರೋಲ್ ಎಸ್. ಕರೆಂಟು ನಿಮ್ಮ ಚಾಯಕ್ಕೆ ಕಾಯಲ್ಲ.' ಪರದೆಯನ್ನು ಓದಿ ಹೇಳುವ ದುಬಾರಿ ತಂತ್ರಾಂಶದ ಕಳ್ಳ ನಕಲು ಹಿಡಿದು ನಾವು ಒದ್ದಾಡುತ್ತಿದ್ದಾಗ, ಅದೇ ಕೆಲಸ ಮಾಡುವ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ, ಅದನ್ನು ಪೆನ್‌ಡ್ರೈವಿನಲ್ಲಿ ಜೇಬಿಗೆ ಹಾಕಿಕೊಂಡರೆ ಯಾರ ಕಂಪ್ಯೂಟರೂ ನಮ್ಮದೇ ಎಂದು ಹೇಳಿಕೊಟ್ಟವರು ಅವರು.

ಮತ್ತೆ ಆ ಒಂದು ಪಾಠ — ಮೂರು ತಿಂಗಳಿಗೊಮ್ಮೆ ತಿರುಗಿ ಹೇಳುತ್ತಿದ್ದದ್ದು. ನಮಗೆ ಅತಿ ದೊಡ್ಡ ಭಯ ಯಾವುದು? ಯಂತ್ರ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುವುದು. ಆ ಗಳಿಗೆಯಲ್ಲಿ ನಾವು ಎರಡನೇ ಸಲ ಕುರುಡರಾಗುತ್ತೇವೆ. ಟೀಚರ್ ಹೇಳುತ್ತಿದ್ದರು — 'ಮೂಕ ಆಯ್ತು ಅಂತ ಹೆದರಬೇಡಿ. ಅದು ಸತ್ತಿಲ್ಲ. ಕಂಟ್ರೋಲ್, ಆಲ್ಟ್, ಎನ್. ಮೂರೂ ಒಟ್ಟಿಗೆ. ಒತ್ತಿ, ಸ್ವಲ್ಪ ಕಾಯಿರಿ.'

ನಾನು ಏನನ್ನುತ್ತಿದ್ದೆ? ಇದೆಲ್ಲ ಟಿಪ್ಸು, ಟಿಪ್ಸಿನಿಂದ ಹಕ್ಕು ಬರುತ್ತದಾ ಅನ್ನುತ್ತಿದ್ದೆ. ಇದೇ ಮೈಕಿನಲ್ಲಿ ಅಂದಿದ್ದೇನೆ. ಚಪ್ಪಾಳೆ ಹೊಡೆದವರೂ ಇಲ್ಲೇ ಕೂತಿದ್ದೀರಿ.

ಎರಡು ವರ್ಷದ ಹಿಂದಿನ ಧರಣಿ ನೆನಪಿದೆಯಾ? ಶಿಕ್ಷಣ ಇಲಾಖೆ ಕಚೇರಿಯ ಗೇಟಿನ ಮುಂದೆ, ಸುಡುಬಿಸಿಲು. ನಾನು ಮೈಕ್ ಹಿಡಿದು ಮೂರನೇ ಭರವಸೆಗೆ ಬಂದಿದ್ದೆ. ಆಗ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ನನ್ನ ಭಾಷಣದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಇಳಿದ ಮೇಲೆ ಲಾಟರಿ ಮಾರುವ ನಮ್ಮ ದಾಮುವನ್ನು ಹಿಡಿದೆ.

'ಏನೋ ಅದು ನಗು?'

'ಮಾಷೇ, ಇವತ್ತು ಶುಕ್ರವಾರ ಅಲ್ವಾ. ಟೀಚರದ್ದು ಬಂತು. ಅದು ಎರಡೇ ನಿಮಿಷ. ನಿಮ್ಮದು ಹೇಗೂ ಸಂಜೆವರೆಗೂ ಇರುತ್ತಲ್ಲ.'

ನಗಿ, ನಗಿ. ಅವತ್ತು ನನಗೆ ಮೈಯೆಲ್ಲ ಉರಿದುಹೋಗಿತ್ತು. ಆ ದನಿಯನ್ನು ಕಳಿಸಿದ ಟೀಚರ್ ಎಲ್ಲಿದ್ದರು? ಮನೆಯಲ್ಲಾ? ಅಲ್ಲ. ಮೂರನೇ ಸಾಲಿನಲ್ಲಿ, ತಲೆಗೆ ಹೊದೆಯುವ ತಟ್ಟವನ್ನು ಒದ್ದೆ ಮಾಡಿ ಹಾಕಿಕೊಂಡು, ನನ್ನ ಘೋಷಣೆಗೇ ದನಿಗೂಡಿಸುತ್ತ ಕೂತಿದ್ದರು. ಒಂದು ಧರಣಿಯನ್ನೂ ಅವರು ತಪ್ಪಿಸಿದವರಲ್ಲ.

ಅದೇ ದಿನ ಮೂವರು ಒಳಗೆ ಹೋದೆವು. ಟೀಚರ್, ಓಮನ ಚೇಚಿ, ನಾನು. ಮನವಿ ಪತ್ರ ನನ್ನ ಕೈಯಲ್ಲಿ. ಸಾಹೇಬರು ನಗುನಗುತ್ತಲೇ ಕೇಳಿದರು — 'ಅಲ್ಲ ಮಾಷೇ, ಕಣ್ಣಿಲ್ಲದವರಿಗೆ ಕಂಪ್ಯೂಟರ್ ಯಾಕೆ? ಪರದೆ ನೋಡ್ತೀರಾ?' ನಾನು ಮೇಜು ಗುದ್ದಿದೆ. ಹಕ್ಕು ಅಂದೆ, ಸಂವಿಧಾನ ಅಂದೆ. ಟೀಚರ್ ಮಾತ್ರ ತಣ್ಣಗೆ, 'ಸಾರ್, ನಿಮ್ಮ ಕೀಬೋರ್ಡ್ ಒಂಚೂರು ಈ ಕಡೆ ತಳ್ತೀರಾ?' ಅಂದರು. ಆತ ತಳ್ಳಿದ. ಪಾಪ, ಗೊತ್ತಿರಲಿಲ್ಲ. ವಿಂಡೋಸ್, ಕಂಟ್ರೋಲ್, ಎಂಟರ್. ಅಷ್ಟೇ. ಎಷ್ಟೋ ಕಂಪ್ಯೂಟರಿನೊಳಗೆ ಓದುವ ದನಿಯೊಂದು ಮಲಗಿರುತ್ತದೆ, ಕಣ್ಣಿದ್ದವರು ಅದನ್ನು ಎಬ್ಬಿಸುವುದಿಲ್ಲ. ಅದು ಎದ್ದು, ಸಾಹೇಬರ ಪರದೆಯ ಮೇಲಿದ್ದದ್ದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿತು — ಅಂಧ ಶಿಕ್ಷಕರ ಮನವಿ. ತಿರಸ್ಕರಿಸಲಾಗಿದೆ. ಕೆಳಗೆ ಹಿಂದಿನ ದಿನದ ತಾರೀಕು.

ಮನವಿ ಇನ್ನೂ ನನ್ನ ಕೈಯಲ್ಲೇ ಇತ್ತು, ಸಂಗಾತಿಗಳೇ.

'ಇದನ್ನ ನಿಲ್ಲಿಸೋದು ಹೇಗೆ?' ಆತ ಮೌಸನ್ನು ಟಕಟಕ ಒತ್ತುತ್ತಿದ್ದ.

'ಅದೇ ಮೂರು ಕೀ, ಸಾರ್. ಕಂಪ್ಯೂಟರ್ ಯಾಕೆ ಅಂತ ಕೇಳಿದ್ರಲ್ಲ, ಇದಕ್ಕೇ.'

ಈ ಕಥೆ ಈಗ ಕಾಸರಗೋಡಿನಿಂದ ತಿರುವನಂತಪುರದವರೆಗೆ ಎಲ್ಲರ ಬಾಯಲ್ಲಿದೆ. ಯಾರೂ ನಾನು ಮೇಜು ಗುದ್ದಿದ್ದನ್ನು ಹೇಳುವುದಿಲ್ಲ. ಕೈ ಮೂರು ದಿನ ನೋಯುತ್ತಿತ್ತು.

ಓಮನ ಚೇಚಿ ಇಲ್ಲೇ ಇದ್ದಾರೆ. ಟೆಲಿಫೋನ್ ಆಪರೇಟರ್ ಆಗಿದ್ದವರು. ಗಂಡ ಸೌದಿಯ ದಮ್ಮಾಮಿನಲ್ಲಿ. ಹದಿನೇಳು ವರ್ಷ ಗಂಡನಿಗೆ ಅವರು ಬರೆಸಿದ್ದು ಒಂದೇ ವಾಕ್ಯ — ಇಲ್ಲಿ ಎಲ್ಲರೂ ಕ್ಷೇಮ. ಯಾಕೆಂದರೆ ಹೇಳಿದ್ದನ್ನು ಬರೆದುಕೊಡುತ್ತಿದ್ದವಳು ಅತ್ತೆಯ ತಂಗಿ. ಟೀಚರ್ ಬಳಿ ಕಲಿತ ಮೇಲೆ ಮೊದಲ ಸಲ ತಾವೇ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಾಲ್ಕು ಪುಟ ಬರೆದರು. ಏನು ಬರೆದ್ರಿ ಚೇಚಿ ಅಂತ ಕೇಳಿದೆ.

'ಅದನ್ನ ನಿಮಗೆ ಹೇಳೋಕಾ ಮಾಷೇ ಇಷ್ಟು ಕಷ್ಟಪಟ್ಟು ಕಲಿತಿದ್ದು?'

ಗುಟ್ಟು. ಕುರುಡರಿಗೆ ಈ ಲೋಕ ಕೊಡದೆ ಇಟ್ಟುಕೊಂಡಿದ್ದ ಆಸ್ತಿ ಅದು. ನಾನು ಅದಕ್ಕಾಗಿ ಹೋರಾಟ ಮಾಡುತ್ತಿದ್ದೆ. ಟೀಚರ್ ಅದನ್ನು ಎರಡೆರಡು ನಿಮಿಷದ ಕಂತಿನಲ್ಲಿ ಮನೆಮನೆಗೆ ಹಂಚುತ್ತಿದ್ದರು.

ಈಗ ನನ್ನ ಗುಟ್ಟು.

ಓದುವ ಆ ದನಿಗೆ ವೇಗ ಅಂತ ಒಂದಿದೆ. ಸೊನ್ನೆಯಿಂದ ನೂರರವರೆಗೆ ಏರಿಸಬಹುದು. ನಮ್ಮಲ್ಲಿ ಅದೇ ದೊಡ್ಡಸ್ತಿಕೆ — ಬೇರೆಯವರು ಮೀಸೆ ತಿರುವುವ ಹಾಗೆ ನಾವು ವೇಗ ಹೇಳುತ್ತೇವೆ. 'ನಾನು ಎಂಬತ್ತೈದರಲ್ಲಿ ಕೇಳ್ತೀನಿ' ಎಂದು ಸಮಿತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗಿದವನು ನಾನು. ನನ್ನ ಯಂತ್ರದ ವೇಗ ಇಪ್ಪತ್ತು. ಒಂದನೇ ತರಗತಿಯ ಮಗು ಅಕ್ಷರ ಕೂಡಿಸಿ ಓದುತ್ತದಲ್ಲ, ಹಾಗೆ. ಅದಕ್ಕಿಂತ ಜೋರಾದರೆ ನನಗೆ ತಲೆಬುಡ ತಿಳಿಯುವುದಿಲ್ಲ. ನಲವತ್ತಾರನೇ ವಯಸ್ಸಿಗೆ ಕಣ್ಣು ಕಳಕೊಂಡವನ ಕಿವಿ ಅದು. ಯಾರಿಗೂ ಹೇಳಿರಲಿಲ್ಲ.

ಹೋದ ಫೆಬ್ರವರಿಯಲ್ಲಿ ಯಂತ್ರ ಮೂಕವಾಯಿತು. ಕಂಟ್ರೋಲ್, ಆಲ್ಟ್, ಎನ್ — ಒತ್ತಿದೆ, ಕಾದೆ, ಬರಲಿಲ್ಲ. ಮರುದಿನ ಮಂತ್ರಿಗೆ ಕೊಡಬೇಕಾದ ಕಾಗದ ಅದರೊಳಗೇ ಇತ್ತು. ಯಾರನ್ನು ಕರೆಯಲಿ? ಹಲ್ಲು ಕಚ್ಚಿಕೊಂಡು ಅವರಿಗೇ ಫೋನ್ ಮಾಡಿದೆ. ಬಸ್ಸು ಹತ್ತಿ ಬಂದರು. ಡಬ್ಬಿಯಲ್ಲಿ ಬಾಳೆಹಣ್ಣಿನ ಸಿಹಿತಿಂಡಿ ಉನ್ನಕ್ಕಾಯ ತಂದಿದ್ದರು, ಸಾಲದ್ದಕ್ಕೆ. ಕೀಬೋರ್ಡ್ ಮೇಲೆ ಬೆರಳಾಡಿಸಿದರು, ಹಿಂದೆ ಸಡಿಲವಾಗಿದ್ದ ತಂತಿಯೊಂದನ್ನು ಒತ್ತಿದರು. ದನಿ ಬಂತು. ನಿಧಾನಕ್ಕೆ. ಒಂದೊಂದೇ ಅಕ್ಷರ. ಇಡೀ ಕೋಣೆಗೆ ಕೇಳಿಸುವ ಹಾಗೆ.

ಅವರು ನಗುತ್ತಾರೆ ಅಂತ ಕಾದೆ.

ನಗಲಿಲ್ಲ. 'ಮಾಷೇ, ಚಾಯ ಇದ್ಯಾ?' ಅಂದರು. ಕುಡಿದು ಹೋದರು.

ಮುಂದಿನ ಶುಕ್ರವಾರದ ಎರಡು ನಿಮಿಷ — 'ವೇಗ ನಿಮ್ಮ ಕಿವಿಗೆ ಎಷ್ಟು ಬೇಕೋ ಅಷ್ಟಿಡಿ. ನಾನು ಕಾದಂಬರಿ ಕೇಳೋದು ಇಪ್ಪತ್ತೆರಡರಲ್ಲಿ. ಓಡೋ ಸ್ಪರ್ಧೆ ಅಲ್ಲ ಇದು.' ನನ್ನ ಹೆಸರು ಎತ್ತಲಿಲ್ಲ. ಅವತ್ತು ಸಂಜೆಯೊಳಗೆ ಎಷ್ಟೋ ಜನ ಬರೆದರು — ನನ್ನದೂ ಇಪ್ಪತ್ತೈದು, ನನ್ನದೂ ಹದಿನೆಂಟು, ಹೇಳೋಕೆ ನಾಚಿಕೆ ಆಗಿತ್ತು ಅಂತ. ನಾನು ಬರೆಯಲಿಲ್ಲ. ನನ್ನ ಅವಮಾನವನ್ನೂ ಅವರು ಎಲ್ಲರಿಗೂ ಉಪಯೋಗ ಆಗುವ ಹಾಗೆ ಮಾಡಿಬಿಟ್ಟರಲ್ಲ — ಅದನ್ನು ನಾನು ಕ್ಷಮಿಸಲಿಲ್ಲ.

ಮಾರ್ಚಿನಲ್ಲಿ ಸಮಿತಿ. ಟೀಚರ್ ಅರ್ಜಿ. ಅವರ ಮನೆಯೊಳಗೆ ಫೋನಿನ ಸಿಗ್ನಲ್ ಸಿಗುವುದಿಲ್ಲ. ನಿಮ್ಮ ಕರೆಗಳಿಗೆಲ್ಲ ಅವರು ಬಾವಿಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು ಉತ್ತರ ಹೇಳುತ್ತಿದ್ದರು. ಸಂಘ ಮಾತು ಕೊಟ್ಟ ಹಿಂದಿನ ಕೋಣೆ ಕೊಟ್ಟರೆ ಹತ್ತರಿಂದ ಒಂದರವರೆಗೆ ಅಲ್ಲಿ ಕೂರುತ್ತೇನೆ ಅಂತ ಕೇಳಿದರು. ನಾನು ಏನಂದೆ? ಆ ಕೋಣೆ ಹೋರಾಟದ ಬ್ಯಾನರಿಗೆ, ಮೈಕಿಗೆ ಬೇಕು ಅಂದೆ. ಟಿಪ್ಸು ದಾನ, ಹೋರಾಟ ಹಕ್ಕು ಅಂದೆ. ಚಳವಳಿ ಕಲಿಸಿದ ಮಾತನ್ನೆಲ್ಲ ನನ್ನ ಹೊಟ್ಟೆಕಿಚ್ಚಿಗೆ ಹೊದಿಸಿದೆ.

ನಮ್ಮಲ್ಲಿ ಕೈ ಎತ್ತುವ ಮತ ಇಲ್ಲ. ಬಾಯಿ ಬಿಟ್ಟು ಹೇಳಬೇಕು, ಹೌದು ಅಥವಾ ಇಲ್ಲ. ಅವತ್ತು ನಾನು 'ಯಾರದೂ ವಿರೋಧ ಇಲ್ಲ ತಾನೇ' ಅಂದೆ, ಒಂದು ಉಸಿರು ಬಿಟ್ಟೆ, ಮುಂದಿನ ವಿಷಯ ಓದಿದೆ. ನಿಮ್ಮ ಮೌನವನ್ನು ನಿಮ್ಮ ಮತ ಎಂದು ಪುಸ್ತಕದಲ್ಲಿ ಬರೆಸಿದೆ. ಮೇಲಿನ ಸಾಹೇಬ ಅರ್ಜಿ ತಲುಪುವ ಮೊದಲೇ ತಿರಸ್ಕರಿಸಿದ. ನಾನೂ ಅದನ್ನೇ ಮಾಡಿದೆ.

ಟೀಚರ್ ಬಾಗಿಲ ಹತ್ತಿರ ನಿಂತು ಹೇಳಿದ್ದು ಇಷ್ಟು — 'ಸರಿ ಮಾಷೇ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ. ಆಗಾಗ ತೆಗೆದು ನೋಡಿ, ಗೆದ್ದಲು ಹಿಡಿಯುತ್ತೆ.'

ಅವರ ಹೃದಯ ನಿಂತದ್ದಕ್ಕೂ ಆ ಕೋಣೆಗೂ ನಾನು ಗಂಟು ಹಾಕುವುದಿಲ್ಲ. ಮೊನ್ನೆ ಅವರ ಮನೆಗೆ ಹೋಗಿ ಅತ್ತಾಗ ಅಬೂಬಕ್ಕರ್ ಇಕ್ಕನೇ ಹೇಳಿದರು — 'ಮಾಷೇ, ಆ ನಾಟಕ ಬೇಡ. ಅವಳಿಗೆ ಬಿಪಿ ಇತ್ತು. ನಿನ್ನ ಕೈಲಾಗೋದನ್ನ ಮಾಡು.'

ಕೈಲಾಗುವುದು ಏನು? ನಸೀಮಾಳನ್ನು ಕೇಳಿ. ಟೀಚರ್ ಫೋನ್ ಇನ್ನೂ ಹೊಡೆದುಕೊಳ್ಳುತ್ತಲೇ ಇದೆ. ಈ ತಿಂಗಳ ಕೊನೆಗೆ ಪಿಂಚಣಿ ಅರ್ಜಿಯ ಗಡುವು ಮುಗಿಯುತ್ತದೆ. ವಯನಾಡಿನಿಂದ, ಪಾಲಕ್ಕಾಡಿನಿಂದ, ಯಾರ ಯಾರೋ ಕರೆಯುತ್ತಾರೆ. ಕಣ್ಣು ಕಾಣುವ ಈ ಹುಡುಗಿಗೆ ನಮ್ಮ ಕೀಗಳು ಗೊತ್ತಿಲ್ಲ. 'ಉಮ್ಮ ಹೋದ್ರು ಅಂತ ದಿನಕ್ಕೆ ಮೂವತ್ತು ಸಲ ಹೇಳ್ತಿದೀನಿ ಮಾಷೇ, ಇನ್ನು ನನ್ನ ಕೈಲಾಗಲ್ಲ' ಅಂದಳು. ಬರುವ ಒಂದನೇ ತಾರೀಕು ಅವಳು ಕೊಚ್ಚಿಗೆ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ ಆ ಫೋನ್ ಯಾರೂ ಎತ್ತುವುದಿಲ್ಲ.

ಇಲ್ಲಿ ಕೇಳಿ — ಈ ಸದ್ದು. ಬೀಗದ ಕೈ. ಮೇಜಿನ ಮೇಲೆ ಇಟ್ಟಿದ್ದೇನೆ. ನಸೀಮಾ ಫೋನನ್ನು ಅದರ ಪಕ್ಕ ಇಟ್ಟಿದ್ದಾಳೆ. ನನ್ನ ಮಾತು ಇಷ್ಟು: ಆ ಕೋಣೆ ತೆರೆಯಬೇಕು, ವಾರದ ಒಂದೊಂದು ದಿನ ಒಬ್ಬೊಬ್ಬರು ಅಲ್ಲಿ ಕೂರಬೇಕು. ಓಮನ ಚೇಚಿ ಮೇಲ್ವಿಚಾರಣೆ. ಸೋಮವಾರ ನನ್ನದು. ಕರೆದವರು ಟೀಚರ್ ಇಲ್ವಾ ಅಂತಲೇ ಕೇಳುತ್ತಾರೆ, ಪ್ರತಿ ಸಲ ನನಗೆ ಉರಿಯುತ್ತದೆ. ಓಮನ ಚೇಚಿ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ, ಆಗಲೂ ಉರಿಯುತ್ತದೆ. ಉರಿಯಲಿ. ಗೇಟಿನ ಮುಂದಿನ ಧರಣಿಯೂ ನಿಲ್ಲುವುದಿಲ್ಲ. ಅದು ನನಗೆ ಬರುವ ಕೆಲಸ.

ಈಗ ಎಲ್ಲರೂ ಏಳಿ. ಕೋಲು ಬೀಳದ ಹಾಗೆ, ನಿಧಾನಕ್ಕೆ. ಮಾತಾಡುವ ಗಡಿಯಾರ ಕಟ್ಟಿದವರು ಅದರ ಬಾಯಿ ಮುಚ್ಚಿ. ಹೋದ ವರ್ಷ ತೀರಿಕೊಂಡ ನಮ್ಮ ಪೌಲೋಸ್ ಚೇಟ್ಟನಿಗಾಗಿ ಹೀಗೇ ಮೌನ ನಿಂತಾಗ ಮಧ್ಯದಲ್ಲಿ ಒಂದು ಗಡಿಯಾರ 'ಸಮಯ ಹನ್ನೊಂದು ಗಂಟೆ' ಅಂದಿತ್ತು. ಅದು ಸುಹರಾ ಟೀಚರದ್ದು. ಮೊದಲು ನಕ್ಕವರೂ ಅವರೇ.

ಎರಡು ನಿಮಿಷ. ಒಂದು ಶುಕ್ರವಾರದಷ್ಟು. ಈ ಮೌನ ಟೀಚರ್‌ಗೆ ಮಾತ್ರ. ಇದನ್ನು ಯಾರ ಒಪ್ಪಿಗೆ ಎಂದೂ ನಾನು ಬರೆಸುವುದಿಲ್ಲ. ನನ್ನ ಮಾತಿಗೆ ಹೌದು ಅನ್ನುವವರು, ಇಲ್ಲ ಅನ್ನುವವರು, ಇವನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿ ಅನ್ನುವವರು, ಎಲ್ಲರೂ ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಬೇಕು — ಇದೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಹಿಂದಿನ ಕೋಣೆಯ ಬಾಗಿಲಲ್ಲಿ.