ದಾನಮ್ಮನ ಗಮನಕ್ಕೆ ಸೊನ್ನೆ

ಅಧ್ಯಕ್ಷತೆ ವಹಿಸಿ ಆಗಲೇ ಎರಡು ಸಲ ಗಡಿಯಾರ ನೋಡಿದ ಹಿರಿಯರೇ, ವೇದಿಕೆಯ ಗಣ್ಯರೇ, ಹುನಗುಂದದ ಬಿಸಿಲಲ್ಲಿ ಈ ತಗಡಿನ ಸಭಾಂಗಣಕ್ಕೆ ಬಂದು ಕುಳಿತ ಸಭಿಕರೇ,

ಗುಡೂರಿನಾಚೆಯ ಪುಟ್ಟ ಶಾಲೆಯ ಮಾಸ್ತರನಾದ ಈ ಗುರಲಿಂಗಪ್ಪನಿಗೆ ‘ಏಕಾಗ್ರ ಗುರು’ ಪ್ರಶಸ್ತಿ ಕೊಟ್ಟಿದ್ದೀರಿ. ನಮ್ಮ ಮಕ್ಕಳ ಗಮನ ನೂರಕ್ಕೆ ನೂರು ಎಂದು ಪತ್ರದಲ್ಲಿದೆ. ಈ ನೂರು ಹೇಗೆ ಬಂತು? ಹೇಳಲೇಬೇಕು.

ಕಳೆದ ವರ್ಷ ತರಬೇತುದಾರರಾದ ದುಂಡೇಶ ಸಾಹೇಬರು, ಇಲ್ಲೇ ಕುಳಿತಿದ್ದಾರೆ, ನಮ್ಮ ಗೋಡೆಗೆ ಒಂದು ಕಪ್ಪು ಚುಕ್ಕೆ ಅಂಟಿಸಿದರು. ಹತ್ತು ನಿಮಿಷ ಅದನ್ನೇ ನೋಡಿದ ಮಗುವಿಗೆ ಗಮನವಿದೆ, ಅತ್ತಿತ್ತ ನೋಡಿದ ಮಗುವಿಗೆ ಇಲ್ಲ. ಇಪ್ಪತ್ತೆರಡು ಮಕ್ಕಳು ನೋಡಿದರು. ನಾಲ್ಕನೇ ಇಯತ್ತೆಯ ದಾನಮ್ಮ ಒಬ್ಬಳು ಚುಕ್ಕೆ ನೋಡಿದಳು, ಕಿಟಕಿ ನೋಡಿದಳು, ಹಲ್ಲಿ ನೋಡಿದಳು, ಸಾಹೇಬರ ಹರಿದ ಕಾಲುಚೀಲವನ್ನೂ ನೋಡಿದಳು. ಸೊನ್ನೆ ಬರೆದದ್ದು ಯಾರು? ಈ ಕೈ.

ಅವಳ ತಂದೆ ಬೀರಲಿಂಗಪ್ಪ ಕುರಿ ಸಾಕುವವರು. ಕರೆಸಿ ಹೇಳಿದೆ. ಅವರು ತಲೆ ಕೆರೆದುಕೊಂಡು, “ಅಲ್ರಿ ಗುರುಗಳ, ಒಂದ ಕುರಿ ನೋಡ್ಕೋತ ನಿಂತ್ರ ಉಳಿದ ಎಂಬತ್ತು ಯಾರ ನೋಡಬೇಕ್ರಿ? ನಮ್ಮ ಮನ್ಯಾಗ ಹುಡುಗ್ರನ್ನ ಕುಂದರ್ಸಿ ಯಾರೂ ಕಲ್ಸೂದಿಲ್ರಿ. ಸುತ್ತ ನೋಡ್ತಾವ, ಕಲೀತಾವ” ಎಂದರು.

ನಾನು ನಕ್ಕೆ. ಸಭಿಕರೇ, ಇಳಕಲ್ಲಿನಲ್ಲಿ ನನ್ನ ತಾಯಿ ಪದ್ಮವ್ವನ ಮಗ್ಗದ ಪಕ್ಕ ಆಡುತ್ತ, ಯಾರೂ ಹೇಳಿಕೊಡದೆ ಲಾಳಿ ಹಿಡಿದವನು ನಾನು. ಅದು ಅಂದು ನೆನಪಾಗಲಿಲ್ಲ. ನೆನಪಾದದ್ದು ಸಾಹೇಬರು ಮತ್ತೆ ಬರಲಿದ್ದ ತಪಾಸಣೆಯ ದಿನಾಂಕ. “ಶುಕ್ರವಾರ ಒಂದಿನ ಆಕಿನ್ನ ಸಾಲಿಗಿ ಕಳಸಬ್ಯಾಡ್ರಿ” ಎಂದೆ. ಮಾಸ್ತರನ ಬಾಯಲ್ಲಿ ಬರುವ ಮಾತೇ ಇದು?

ಶುಕ್ರವಾರ ಸಾಹೇಬರು ದೀಪ ಬೆಳಗಿದರು. ನಾವು ಹೊದಿಸಿದ ಶಾಲಿನಲ್ಲಿ, ದೀಪಕ್ಕೆ ಬೆನ್ನು ಕೊಟ್ಟು, ತಾವೇ ಮೊದಲು ಚುಕ್ಕೆ ನೋಡತೊಡಗಿದರು. ಮಕ್ಕಳು ನೋಡಿದರು. ನಾನೂ ನೋಡಿದೆ. ನಾಲ್ಕನೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಯಾರೂ ತಿರುಗಲಿಲ್ಲ. ಕಿಟಕಿಯಾಚೆ ಕುರಿ ಮೇಯಿಸುತ್ತಿದ್ದ ದಾನಮ್ಮನ ಕೂಗು: “ಶಾಲಿಗಿ ಬೆಂಕಿ ಹತ್ತೇತ್ರಿ!”

ಅವಳಂದದ್ದು ಸಾಹೇಬರ ಶಾಲು; ಸಾಲಿಗೇ, ಅಂದರೆ ಶಾಲೆಗೇ ಬೆಂಕಿ ಎಂದು ನಾವು ತಿಳಿದೆವು. ಆದರೂ ಕದಲಲಿಲ್ಲ! ಸಾಹೇಬರಂತೂ ಚುಕ್ಕೆ ಬಿಡದೆ, “ಗದ್ದಲ ಮಾಡಬ್ಯಾಡ” ಎಂದರು. ಅವಳು ಒಳಗೆ ನುಗ್ಗಿ, ತಟ್ಟೆ ತೊಳೆಯುವ ನೀರಿನ ಬಕೆಟ್ಟನ್ನು ಅವರ ಬೆನ್ನಿಗೆ ಸುರಿದಳು.

ತೊಯ್ದ ಸಾಹೇಬರು, “ಯಾಕ ಯಾರೂ ಹೇಳಲಿಲ್ಲ?” ಎಂದು ಗುಡುಗಿದರು. ನಮ್ಮ ಜಾಣ ವಿದ್ಯಾರ್ಥಿ ರಾಜಕುಮಾರ ಚುಕ್ಕೆಯಿಂದ ಕಣ್ಣು ತೆಗೆಯದೆ ಹೇಳಿದ: “ಹತ್ತು ಮಿನಿಟ ಇನ್ನಾ ಆಗಿಲ್ರಿ ಸರ.”

ಬೆಂಕಿಗೂ ಕದಲದ ಶಾಲೆ ಎಂದು ವರದಿ ಹೋಯಿತು. ಹಾಜರಿಯಲ್ಲಿಲ್ಲದ ದಾನಮ್ಮನ ಸೊನ್ನೆ ಸೇರಲಿಲ್ಲ. ನೂರು ಬಂತು. ಪ್ರಶಸ್ತಿ ವಾಪಸು ಕೊಡುತ್ತಿಲ್ಲ, ಅಷ್ಟು ಧೈರ್ಯ ನನಗಿಲ್ಲ.

ಆದರೆ ದಾನಮ್ಮ ಮತ್ತೆ ಶಾಲೆಗೆ ಬರಲಿಲ್ಲ. ಎಂಟು ದಿನ ನೋಡಿ, ಅವರ ಕುರಿಹಟ್ಟಿಗೆ ಹೋದೆ. “ನಾ ಬರೂದು ನಿಮಗ ಬ್ಯಾಡಂತಲ್ರಿ?” ಎಂದಳು. ಕುರಿಗಳ ನಡುವೆ ಕುಳಿತುಬಿಟ್ಟೆ. “ತಪ್ಪಾತವ್ವ. ಈಗ ನೀನ ನನಗ ಪರೀಕ್ಷಾ ಮಾಡು” ಎಂದೆ.

“ಕಣ್ಣ ಮುಚ್ರಿ” ಎಂದಳು. “ಕುಂಟೂ ಕುರಿ ಯಾ ಕಡೆ ಐತಿ? ಅವ್ವ ಈಗ ಏನಂದ್ಲು? ಮರಿ ನಿಮ್ಮ ಯಾ ಕಿಸೆದಾಗಿನ ಕಾಗದ ತಿಂತು?”

ಮೂರಕ್ಕೂ ಉತ್ತರ ಗೊತ್ತಿರಲಿಲ್ಲ. ಕಾಗದ ತಿಂದದ್ದೇ ಗೊತ್ತಿರಲಿಲ್ಲ. ಅವಳು ನಗಲಿಲ್ಲ, ಬೈಯಲಿಲ್ಲ. “ಇರಲ್ರಿ ಗುರುಗಳ, ಹೊಸಬರಿಗೆ ಹಂಗ ಆಗತೈತಿ. ನಾಳೆ ಸಂಜಿಕ ಮತ್ತ ಬರ್ರಿ. ಅಷ್ಟೊತ್ತಿಗೆ ನಾನೂ ಸಾಲಿಂದ ಬಂದಿರ್ತೇನಿ.”

ಎಂಟು ತಿಂಗಳಾಯಿತು. ಈಗ ಮೂರರಲ್ಲಿ ಎರಡು ಪ್ರಶ್ನೆಗೆ ಉತ್ತರ ಬರುತ್ತಿದೆ. ಕುರಿಹಟ್ಟಿಯಲ್ಲಿ ಇವತ್ತಿನ ಪಾಠಕ್ಕೆ ಆಗಲೇ ಹೊತ್ತಾಗಿದೆ. ಕರೆಸಿ ಗೌರವಿಸಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞ. ನನಗಿನ್ನು ಅಪ್ಪಣೆ ಕೊಡಿ, ನಮಸ್ಕಾರ.