ನಡು ಸೀಟು

ಸುಕೇಶ್ ನನ್ನ ಚಿಕ್ಕಮ್ಮನ ಮಗ. ಕತೆ ಕಟ್ಟುವಷ್ಟು ಚುರುಕು ಅವನಿಗೆ ಯಾವತ್ತೂ ಇರಲಿಲ್ಲ. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹೋದ ನವೆಂಬರಿನ ಒಂದು ರಾತ್ರಿ. ಹನ್ನೊಂದು ದಾಟಿತ್ತು. ಖಾರ್ ದಾಂಡಾದ ಕಡಲ ಬದಿಯಲ್ಲಿ ಫೈಬರ್ ದೋಣಿ ಮಾಡುವ ಶೆಡ್ಡು ಅವನದು. ಬೀಗ ಹಾಕಿ ಸಾಂತಾಕ್ರೂಜಿನ ಚಾಳಿನಲ್ಲಿರುವ ತನ್ನ ಕೋಣೆಗೆ ನಡೆದು ಹೊರಟಿದ್ದ. ಶೆಡ್ಡಿನಿಂದ ನೂರು ಹೆಜ್ಜೆಗೆ ಒಂದು ಆಲದ ಮರ, ಅದರ ಬುಡದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ. ಬಾವಿಯ ಹತ್ತಿರ ಬಂದಾಗ ಹಿಂದಿನಿಂದ, ಶೆಡ್ಡಿನ ಕಡೆಯಿಂದ ಕೇಳಿತು.

ಟಕ್… ಟಕ್… ಟಕ್…

ಬೇರೆಯವರಾದರೆ ಇಲಿ ಎಂದು ಮುಂದೆ ಹೋಗುತ್ತಿದ್ದರು. ಸುಕೇಶನಿಗೆ ಆ ಸದ್ದು ಗೊತ್ತು. ದೋಣಿಯ ಮೈಯನ್ನು ನಾಣ್ಯದ ಅಂಚಿನಿಂದ ತಟ್ಟುವ ಸದ್ದು. ಫೈಬರಿನ ಪದರಗಳು ಗಟ್ಟಿಯಾಗಿ ಕೂತಿದ್ದರೆ ಟಕ್ ಎನ್ನುತ್ತದೆ. ಒಳಗೆ ಪೊಳ್ಳಿದ್ದರೆ ಡಬ್. ಆ ಕೆಲಸದವರೆಲ್ಲ ಹಾಗೇ ಪರೀಕ್ಷಿಸುವುದು.

ಸದ್ದು ದೋಣಿಯ ಮೂತಿಯಿಂದ ನಡುವಿಗೆ ಬರುತ್ತಿತ್ತು. ಟಕ್… ಟಕ್… ಡಬ್.

ಅಲ್ಲಿಗೆ ನಿಂತಿತು.

ಶೆಡ್ಡಿನೊಳಗೆ ಇದ್ದದ್ದು ಒಂದೇ ದೋಣಿ. ಹದಿನಾರು ಅಡಿಯದು, ಹಿಂದೆ ಮೋಟರು ಕೂರಿಸುವಂಥದ್ದು. ಶೇಖರಣ್ಣನದು. ಶೇಖರಣ್ಣ ತೀರಿಕೊಂಡು ಆಗ ಹತ್ತು ತಿಂಗಳು.

ಈ ಶೇಖರಣ್ಣ ಬಾಂದ್ರಾದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಹುಟ್ಟಿದ್ದು ಮಲ್ಪೆಯ ಕಡಲ ದಡದಲ್ಲಿ. ಸೋಮವಾರ ರಜೆ ಸಿಕ್ಕಿದರೆ ಸಾಕು, ಹೆಂಡತಿ ಶೀಲಾವತಿಯನ್ನು ದೋಣಿಗೆ ಹತ್ತಿಸಿಕೊಂಡು ಗಾಳ ಹಾಕಲು ಹೊರಡುತ್ತಿದ್ದರು. ಶೀಲಕ್ಕನಿಗೆ ಮೊಣಕಾಲು ನೋವು ಶುರುವಾಯಿತು. ದೋಣಿಯ ನಡುವೆ ಅಡ್ಡಕ್ಕೆ ಪೆಟ್ಟಿಗೆಯಂಥ ಸೀಟು. ಅದನ್ನು ದಾಟಿ ಹಿಂದೆ ಹೋಗಲು ಆಕೆಗೆ ಆಗುತ್ತಿರಲಿಲ್ಲ.

"ನಡು ಸೀಟು ತೆಗೆದುಬಿಡು ಮಾರಾಯ," ಎಂದರು ಶೇಖರಣ್ಣ. "ಹಿಂದೆ ಒರಗ್ಲಿಕ್ಕೆ ಒಂದು ಕುರ್ಚಿ ಕೂರಿಸು. ಇವಳು ಕಾಲೆತ್ತಿ ಒದ್ದಾಡುದು ನನಗೆ ನೋಡ್ಲಿಕ್ಕಾಗುದಿಲ್ಲ."

ಸುಕೇಶ್ ಸೀಟು ಕೊಯ್ದ. ಒಳಗೆ ತುಂಬಿದ್ದ ಹಳದಿ ಫೋಮನ್ನು ಕಿತ್ತು ಗೋಣಿಗೆ ತುಂಬಿದ. ಕೊಯ್ದ ಜಾಗಕ್ಕೆ ತೇಪೆ ಹಾಕಿ ಬಣ್ಣ ಬಳಿದ. ಗೋಣಿ ನೋಡಿ ಶೇಖರಣ್ಣ ಕೇಳಿದ್ದರು, "ಎಂತ ಸುಕೇಶ್, ಇದಿಲ್ಲದೆ ತೇಲ್ತದಾ?"

"ದೋಣಿ ಅಲ್ವಾ ಅಣ್ಣ, ತೇಲದೆ ಎಂತ ಮಾಡ್ತದೆ?"

ಇಬ್ಬರೂ ನಕ್ಕಿದ್ದರು.

ಸುಕೇಶನ ಅಪ್ಪ ಊರಲ್ಲಿ ಮರದ ದೋಣಿ ಕಟ್ಟುತ್ತಿದ್ದವರು. ಮರದ ದೋಣಿಯ ಸೀಟು ತೆಗೆದರೂ ಒಂದೇ, ಬಿಟ್ಟರೂ ಒಂದೇ. ನೀರು ತುಂಬಿದರೂ ಮರ ಮೇಲೇ ಇರುತ್ತದೆ, ಅಪ್ಪಿಕೊಂಡು ಜೀವ ಉಳಿಸಿಕೊಳ್ಳಬಹುದು. ಫೈಬರ್ ಹಾಗಲ್ಲ. ನೀರು ತುಂಬಿದರೆ ಹಿತ್ತಾಳೆ ಹಂಡೆಯ ಹಾಗೆ ನೇರ ತಳಕ್ಕೆ. ಅದನ್ನು ಎತ್ತಿ ಹಿಡಿಯುವುದೇ ಸೀಟಿನೊಳಗಿನ ಫೋಮು. ಸುಕೇಶನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಕಲಿತದ್ದು ಫೈಬರು, ಕೈಯಲ್ಲಿ ಉಳಿದದ್ದು ಅಪ್ಪನ ಮರ. ಆ ಹೊತ್ತಿಗೆ ನೆನಪೇ ಆಗಲಿಲ್ಲ.

ಜನವರಿಯ ಒಂದು ಸೋಮವಾರ ಶೀಲಕ್ಕನಿಗೆ ಜ್ವರ. ಶೇಖರಣ್ಣ ಒಬ್ಬರೇ ಹೋದರು, ಹಿಂದಿರುಗಲಿಲ್ಲ. ಮೂರನೇ ದಿನ ದೇಹ ಸಿಕ್ಕಿತು. ನೀರು ತುಂಬಿ ಮುಳುಗಿದ್ದ ದೋಣಿ ಮೀನುಗಾರರ ಬಲೆಗೆ ತಗುಲಿ ತಳದಿಂದ ಮೇಲೆ ಬಂತು. ಕಡಲಿನ ಕೆಲಸ ಎಂದರು ಜನ. ಸುಕೇಶ್ ಫೋಮಿನ ವಿಷಯ ಯಾರಿಗೂ ಹೇಳಲಿಲ್ಲ.

ಈಗ ಶೀಲಕ್ಕ ಅದೇ ದೋಣಿಯನ್ನು ಅವನ ಶೆಡ್ಡಿಗೇ ತರಿಸಿದ್ದರು. "ವರ್ಷ ತುಂಬುವ ದಿನ ಇದರಲ್ಲೇ ಹೋಗಿ ಹೂ ಬಿಡ್ಬೇಕು. ನಡು ಸೀಟು ಮೊದಲಿನ ಹಾಗೆ ಮಾಡು. ಅವರು ಅದರ ಎಡಗಡೆ ಕೂತ್ಕೊಳ್ತಿದ್ದದ್ದು. ಸೀಟು ಹೋದ ಮೇಲೆ ಅಂಚಿನಲ್ಲೇ ಕೂರ್ತಿದ್ರು, ಪಾಪ."

ಅವತ್ತು ರಾತ್ರಿ ಬಾವಿಯ ಹತ್ತಿರದಿಂದ ಸುಕೇಶ್ ಹಿಂದಿರುಗಿದ. ಬೀಗ ಹಾಕಿದ ಹಾಗೇ ಇತ್ತು. ಬಾಗಿಲು ಕರ್ರ್ ಎಂದಿತು. ಒಳಗೆ ರಾಳದ ವಾಸನೆ, ಕತ್ತಲೆ, ದೋಣಿ. ಯಾರೂ ಇಲ್ಲ.

"ಯಾರು…?" ಎಂದ.

ದೋಣಿಯ ನಡುವಿನಿಂದ, ತೀರಾ ಮೆಲ್ಲಗೆ…

"ಎಂತ ಸುಕೇಶ್… ತೇಲ್ತದಾ?"

ಸಿಟ್ಟಿರಲಿಲ್ಲ ಆ ಸ್ವರದಲ್ಲಿ. ಕಾಫಿ ಆಯ್ತಾ ಎಂದು ಅಡುಗೆಮನೆಗೆ ಕೇಳುವಷ್ಟೇ ಸಹಜವಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎನ್ನುತ್ತಾನೆ ಸುಕೇಶ್. ಅಲ್ಲೇ ದೋಣಿಯ ಪಕ್ಕ ಕೂತ. ಬೆಳಗಾಗುವ ತನಕ ಅತ್ತ.

ಬೆಳಗ್ಗೆ ಆಂಟಾಪ್ ಹಿಲ್‌ಗೆ ಶೀಲಕ್ಕನ ಮನೆಗೆ ಹೋಗಿ ಅವರ ಎದುರು ಎಲ್ಲ ಹೇಳಿಬಿಟ್ಟ. ಫೋಮು, ಗೋಣಿ, ತಾನು ಆಡಿದ ಮಾತು. ಶೀಲಕ್ಕ ತಮ್ಮ ಮೊಣಕಾಲು ಸವರಿಕೊಂಡರು.

"ಈ ಕಾಲಿಗೋಸ್ಕರ ತೆಗ್ಸಿದ್ದು. ನೀನೊಬ್ಬನೇ ಹೊತ್ಕೊಳ್ಬೇಡ," ಎಂದರು. ಆಮೇಲೆ, "ಆದ್ರೆ ಸುಕೇಶ್… ಅವತ್ತೇ ಹೇಳ್ಬೇಕಿತ್ತು ನೀನು. ಹತ್ತು ತಿಂಗಳು ನಾನು ಕಡಲಿಗೆ ಶಾಪ ಹಾಕಿದೆ."

ಸುಕೇಶ್ ಶೆಡ್ಡಿಗೆ ಬಂದು ತೇಪೆ ಕಿತ್ತ. ಸೀಟು ಕಟ್ಟಿದ, ಫೋಮು ತುಂಬಿದ, ಪದರದ ಮೇಲೆ ಪದರ ಹಾಕಿ ಮುಚ್ಚಿದ. ಕೆಲಸ ಮುಗಿದ ರಾತ್ರಿ ಬಾವಿಯ ಹತ್ತಿರ ಬೇಕೆಂದೇ ನಿಂತು ಕಿವಿಗೊಟ್ಟ. ಟಕ್… ಟಕ್… ಟಕ್… ಮೂತಿಯಿಂದ ಹಿಂದಿನ ತುದಿಯವರೆಗೆ ಬಂತು. ಡಬ್ ಎನ್ನಲಿಲ್ಲ. ಮತ್ತೆ ಯಾವತ್ತೂ ಆ ಸದ್ದು ಕೇಳಿಲ್ಲ.

ವರ್ಷ ತುಂಬಿದ ದಿನ ಬೆಳಗ್ಗೆ ದೋಣಿ ನೀರಿಗಿಳಿಸಿದರು. ಅಲೆ ಇರಲಿಲ್ಲ. ದೋಣಿಯ ಸುತ್ತ, ನೀರು ಮುಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ನೀಲಿ ಪಟ್ಟಿ ಬಳಿದಿದ್ದ ಸುಕೇಶ್. ಬಲಗಡೆ ಪಟ್ಟಿ ನೀರಿನ ಮೇಲಿತ್ತು. ಎಡಗಡೆ ಎರಡು ಬೆರಳು ಮುಳುಗಿತ್ತು. ಪೆಟ್ರೋಲ್ ಟ್ಯಾಂಕನ್ನು ಬಲಕ್ಕೆ ಸರಿಸಿದ. ಲಂಗರನ್ನು ಬಲಕ್ಕೆ ಇಟ್ಟ. ಖಾಲಿ ದೋಣಿ, ಆದರೂ ಎಡಕ್ಕೆ ಎರಡು ಬೆರಳು. ಸೀಟು ವಾರೆಯಾಯಿತೇ ಎಂದು ಅಳೆದು ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಶೀಲಕ್ಕ ಹೂವಿನ ಬುಟ್ಟಿ ಹಿಡಿದು ಹತ್ತಿದರು. ಮೆಲ್ಲಗೆ ಬಂದು ನಡು ಸೀಟಿನ ಬಲಗಡೆ ಕೂತರು.

ದೋಣಿ ಸಮ ಆಯಿತು.

ಶೀಲಕ್ಕ ಎಡಕ್ಕೆ ತಿರುಗಿದರು. ಅಲ್ಲಿ ಖಾಲಿ ಸೀಟು, ಬಿಸಿಲು. ಪಕ್ಕದಲ್ಲಿ ನೀರಿನಲ್ಲಿ ನಿಂತಿದ್ದ ಸುಕೇಶನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದರು, "ಟೊಪ್ಪಿ ತರ್ಲಿಲ್ವಾ ನೀವು? ಬಿಸಿಲು ಉಂಟು."

ಹೂ ನೀರಿಗೆ ಬಿಡಲಿಲ್ಲ. ಎಡಗಡೆ ಸೀಟಿನ ಮೇಲೆ ಇಟ್ಟು ಬಂದರು.

ನೀವು ಏನು ಬೇಕಾದರೂ ಅನ್ನಿ. ಆ ದೋಣಿ ಈಗಲೂ ದಾಂಡಾದಲ್ಲಿ ಕಟ್ಟಿದೆ. ಹೋದ ವಾರ ನಾನೇ ನೀರಿಗಿಳಿದು ಬೆರಳಿಟ್ಟು ನೋಡಿ ಬಂದೆ. ದೋಣಿಯಲ್ಲಿ ಯಾರೂ ಇರಲಿಲ್ಲ. ಎಡಗಡೆ ನೀಲಿ ಪಟ್ಟಿ ಎರಡು ಬೆರಳು ನೀರೊಳಗಿತ್ತು.