ಒಂದೂವರೆ ದಿನದ ನಡಿಗೆ

ಅಧ್ಯಕ್ಷ ಪೀಠವನ್ನು ತುಂಬಿ ಕುಳಿತಿರುವ ಶ್ರೀಮಾನ್ ಶಂಭುಲಿಂಗಪ್ಪನವರೇ, ಗುಂಡ್ಲುಪೇಟೆಯ ಪುರಪ್ರಮುಖರೇ, ಚಾಮರಾಜನಗರದಿಂದ ಬಸ್ಸಿನ ಧೂಳು ಕುಡಿದು ಬಂದ ಅತಿಥಿಗಳೇ, ಕುರ್ಚಿ ಸಿಕ್ಕವರೇ, ಸಿಗದೆ ಬಾಗಿಲಲ್ಲಿ ನಿಂತವರೇ, ಒಟ್ಟಾರೆ ನನ್ನ ಸಭಿಕರೇ,

ನಮ್ಮ ನಾಟಕ ಮಂಡಳಿಗೆ ಇಪ್ಪತ್ತೈದು ವರ್ಷ ತುಂಬಿತೆಂದು ಈ ಮುದುಕನಿಗೆ ಶಾಲು ಹೊದಿಸಿದ್ದೀರಿ. ಸಂತೋಷ. ಮೈಕು ಬೇಡವೆಂದಿದ್ದೇನೆ. ನನ್ನ ಗಂಟಲಿಗೆ ಮೈಕು ಕೊಟ್ಟರೆ ಊಟಿ ರಸ್ತೆಯ ಎತ್ತುಗಳು ನೊಗ ಕಿತ್ತುಕೊಂಡು ಓಡುತ್ತವೆ.

ಆದರೆ ಸಭಿಕರೇ, ಇಂದು ನೀವು ನೋಡಿದ ನಾಟಕಕ್ಕೆ ಚಪ್ಪಾಳೆ ತಟ್ಟಿದಿರಲ್ಲ, ಆ ಚಪ್ಪಾಳೆಯನ್ನು ನಾನು ಒಪ್ಪುವುದಿಲ್ಲ. ನೀವು ನೋಡಿದ್ದು ಎರಡೇ ಅಂಕ. ನಾನು ಬರೆದದ್ದು ಮೂರು. ಮೂರನೆಯದು ಎಲ್ಲಿ ಹೋಯಿತು? ನೀವು ಕೇಳಲಿಲ್ಲ, ನಾನೇ ಕೇಳುತ್ತೇನೆ. ಎಲ್ಲಿ ಹೋಯಿತು?

ಕಥೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ್ದು. ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ನನಗೆ ಹೇಳಿದ್ದು. ಇಂಗ್ಲೆಂಡಿನ ರಾಜ ತಾನು ಕಣ್ಣಿಂದ ಕಾಣದ ಕಾಡನ್ನು ಪೆನ್ ಎಂಬಾತನಿಗೆ ಬರೆದುಕೊಟ್ಟ. ಆ ಪೆನ್ ಒಳ್ಳೆಯವನು. ಆ ನೆಲದ ಮೂಲದವರಾದ ಲೆನಾಪೆ ಜನರೊಡನೆ ಮರದ ಕೆಳಗೆ ಕುಳಿತು ಸ್ನೇಹದ ಮಾತು ಕೊಟ್ಟನೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಅಲ್ಲಿಗೆ ತೆರೆ ಬಿತ್ತು, ನೀವು ಚಪ್ಪಾಳೆ ತಟ್ಟಿದಿರಿ.

ಆಮೇಲೆ? ಆತನ ಮಕ್ಕಳು ಒಂದು ಹಳೇ ಪತ್ರ ತಂದರು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ಎಷ್ಟು ದೂರ ನಡೆಯುತ್ತಾನೋ ಅಷ್ಟು ನೆಲ ತಮ್ಮದು ಎಂದರು. ಲೆನಾಪೆಯವರು ಒಪ್ಪಿದರು. ನಡಿಗೆ ಎಂದರೆ ಅವರಿಗೆ ನಡಿಗೆ. ಹೊಳೆಯ ದಂಡೆ ಹಿಡಿದು ಹೋಗುವುದು, ನಡುವೆ ಕುಳಿತು ಉಣ್ಣುವುದು, ಹೊಗೆ ಎಳೆಯುವುದು. ಇವರು ಏನು ಮಾಡಿದರು ಗೊತ್ತೇ? ಮೊದಲೇ ಕಾಡು ಕಡಿಸಿ ದಾರಿ ಮಾಡಿದರು. ಬಹುಮಾನದ ಆಸೆ ತೋರಿಸಿ ಮೂವರು ಬಿರುಗಾಲಿನವರನ್ನು ಹಿಡಿದು ತಂದರು. ಇಬ್ಬರು ಬಿದ್ದರು. ಒಬ್ಬ ಅರವತ್ತು ಮೈಲಿ ದಾಟಿದ. ಇಲ್ಲಿಂದ ಮೈಸೂರು, ಮೈಸೂರಿಂದ ಮಂಡ್ಯ! ಇದು ನಡಿಗೆಯೇ ಸ್ವಾಮಿ? ಲೆನಾಪೆಯವರು, "ಇವನು ನಡೆಯಲಿಲ್ಲ, ಓಡಿದ" ಎಂದು ಕೂಗಿದರು. ಯಾರು ಕೇಳಿದರು?

ಓಡಿದವನ ಪಾಡು ನನಗೆ ಗೊತ್ತು. ಆಗತಾನೆ ಕಡಿದ ಪೊದೆಯ ಬುಡಗಳು ಅಂಗಾಲಿಗೆ ಚುಚ್ಚುತ್ತವೆ. ಮೂರು ದಿನ ನೆಲಕ್ಕೆ ಕಾಲೂರಲಾಗುವುದಿಲ್ಲ. ಅದು ಮೇಷ್ಟ್ರ ಪುಸ್ತಕದಲ್ಲಿರಲಿಲ್ಲ. ನಾನು ಸೇರಿಸಿದ್ದು.

ಹೇಗೆ ಗೊತ್ತು ಎನ್ನುತ್ತೀರಾ? ಆ ಮಾತು ಬೇಡವೆಂದುಕೊಂಡೇ ಬಂದಿದ್ದೆ. ಆದರೆ ಬಾಯಿಗೆ ಬಂದುಬಿಟ್ಟಿತು.

ನಮ್ಮ ಕಡೆ ಹೊಲದ ಎಲ್ಲೆಗೆ ತಕರಾರು ಬಂದರೆ ಎರಡೂ ಕಡೆಯವರು ಒಪ್ಪಿದ ಒಬ್ಬ ಮನುಷ್ಯ ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ, ತಲೆಯ ಮೇಲೆ ಅದೇ ಹೊಲದ ಮಣ್ಣಿನ ಹೆಂಟೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಸುಳ್ಳು ನಡೆದರೆ ವಂಶ ಉಳಿಯದು. ಇಪ್ಪತ್ತೈದು ವರ್ಷದ ಹಿಂದೆ ಉಡಿಗಾಲದಲ್ಲಿ ಅಧ್ಯಕ್ಷರ ತಂದೆ ಮರಿಮಲ್ಲಪ್ಪನವರಿಗೂ ಚಿಕ್ಕಮಾದಮ್ಮ ಎಂಬ ವಿಧವೆಗೂ ಅಂಥ ತಕರಾರು ಬಂತು. ಅವಳೇ ನನ್ನನ್ನು ಆರಿಸಿದಳು. ನಾಟಕದಲ್ಲಿ ಸುಳ್ಳಾಡದ ರಾಜನ ವೇಷ ಕಟ್ಟುವವನು ಹೊಲದಲ್ಲಿ ಸುಳ್ಳು ನಡೆದಾನೆಯೇ ಎಂದು.

ಮರಿಮಲ್ಲಪ್ಪನವರು ಹಿಂದಿನ ದಿನವೇ ಲಂಟಾನ ಕಡಿಸಿ ದಾರಿ ಮಾಡಿಸಿದ್ದರು. ನಿಜವಾದ ಎಲ್ಲೆಯಿದ್ದ ಹಳೇ ಹುಣಸೆ ಮರದ ಪಕ್ಕದಲ್ಲಲ್ಲ, ಅದರಾಚೆ, ಅವಳ ನಾಲ್ಕೆಕರೆಯ ಆಚೆ. "ಯಾರೂ ತಡೆಯೋಕ್ ಮುಂಚೆ ಬಿರಬಿರನೆ ಓಗ್ಬುಡು ಕಣ್ಲಾ ನೀಲಕಂಠ. ನೀನ್ ಕಟ್ಟೋ ಕಂಪ್ನಿಗೆ ಅರಮನೆ ಪರದೆ ಬರೆಸ್ಕೊಡ್ತೀನಿ" ಎಂದರು. ನಾನು ಹೋದೆ. ಹೋದೆನೇ? ಓಡಿದೆ. ಹೆಂಟೆ ಕರಗಿ ಕೆಸರು ಕಣ್ಣಿಗಿಳಿಯುತ್ತಿತ್ತು. ಚಿಕ್ಕಮಾದಮ್ಮ ಹಿಂದೆಯೇ ಬರುತ್ತಿದ್ದಳು. ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

"ನಡೀತೀನಿ ಅಂದ್ಬುಟ್ಟು ಓಡ್ತಾ ಇದ್ದೀರಲ್ಲಾ ಬುದ್ದೀ?"

ಪೆನ್ಸಿಲ್ವೇನಿಯಾದಲ್ಲಿ ಓಡಿದವನಿಗೆ ಮಾತುಕೊಟ್ಟ ಜಮೀನು ಸಿಗಲಿಲ್ಲವಂತೆ. ನನಗೆ ಸಿಕ್ಕಿತು. ನನ್ನ ಬೆನ್ನ ಹಿಂದೆ ನೋಡಿ. ಆರು ಕಂಬ, ಎರಡು ನವಿಲು, ನಡುವೆ ಸಿಂಹಾಸನ. ಈ ಪರದೆಯಿಂದಲೇ ಮಂಡಳಿ ಹುಟ್ಟಿತು. ಇದರ ಮುಂದೆ ನಿಂತು ಇಪ್ಪತ್ತೈದು ವರ್ಷ ಧರ್ಮ ಗೆಲ್ಲುತ್ತದೆಂದು ಗುಡುಗಿದೆ. ನೀವು ಒನ್ಸ್ ಮೋರ್ ಎಂದಿರಿ. ನನಗೆ ಮಕ್ಕಳಿಲ್ಲ. ಅದಿರಲಿ.

ಚಿಕ್ಕಮಾದಮ್ಮ ತೀರಿಕೊಂಡಳು. ಮಗ ದೊಡ್ಡಮಾದಯ್ಯ ಅರ್ಜಿ ಹಾಕಿದ್ದಾನೆ. ಸೋಮವಾರ ಅಮಲ್ದಾರರು ಆ ಎಲ್ಲೆ ನೋಡಲು ಬರುತ್ತಾರೆ. ಅಂದು ಆ ಎಲ್ಲೆಗೆ ಸಾಕ್ಷಿಯಾಗಿ ನಿಂತವರಲ್ಲಿ ಈಗ ಬದುಕಿರುವವನು ನಾನೊಬ್ಬ. ಮೊನ್ನೆ ಅಧ್ಯಕ್ಷರು ನನ್ನ ಮನೆಗೇ ಬಂದಿದ್ದರು. ಕಾಫಿ ಕುಡಿದು ಹೇಳಿದರು: "ಮೂರನೇ ಅಂಕ ಬುಟ್ಬುಡಿ ನಾಟಕದ ಮೇಷ್ಟ್ರೇ. ಅಮೆರಿಕದ ಕತೆ ಉಡಿಗಾಲದೋರಿಗ್ಯಾಕೆ?"

ಯಾಕೆ? ಅಧ್ಯಕ್ಷರೇ, ಅಮೆರಿಕದ ಕಥೆಯಾಗಿದ್ದರೆ ನಿಮಗೇಕೆ ಉರಿ? ಎದ್ದು ಹೋಗಬೇಡಿ, ಕುಳಿತುಕೊಳ್ಳಿ. ನಿಮ್ಮ ಮೇಲೆ ನನಗೆ ಕೋಪವಿದೆ, ನಿಜ. ಆದರೆ ನೀವು ಹೇಳಿದಿರೆಂದು ಅಂಕ ಕತ್ತರಿಸಿದ ಕೈ ಯಾರದು? ಅದರ ಮೇಲೆ ನನಗೆ ಇನ್ನೂ ಹೆಚ್ಚು ಕೋಪ.

ಬಾಗಿಲ ಬಳಿ ನಿಂತಿದ್ದೀಯಲ್ಲ ದೊಡ್ಡಮಾದಯ್ಯ, ಕೇಳಿಸಿಕೋ. ಅಮಲ್ದಾರರ ಮುಂದೆ ಬಾಯಿಮಾತು ಹೇಳುತ್ತೇನೆ. ಹೇಳಿ, ಕಾಲಿಂದಲೂ ತೋರಿಸುತ್ತೇನೆ. ಹುಣಸೆ ಮರ ಇಲ್ಲ, ಬೊಡ್ಡೆ ಇದೆ. ಅದರ ಪಕ್ಕದಲ್ಲೇ ಮಣ್ಣು ಹೊತ್ತು ನಡೆಯುತ್ತೇನೆ. ಈಗ ಮಂಡಿ ನೋವು. ಓಡು ಎಂದರೂ ಓಡಲಾರೆ.

ನೀವು ಹೊದಿಸಿದ ಈ ಶಾಲು ಚೆನ್ನಾಗಿದೆ, ದಪ್ಪಗಿದೆ. ಸೋಮವಾರ ಇದನ್ನೇ ಸಿಂಬಿ ಸುತ್ತಿ ಹೆಂಟೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಇಷ್ಟು ಹೊತ್ತು ತಾಳಿಕೊಂಡಿರಿ, ಉಪಕಾರವಾಯಿತು. ತಲೆಯ ಮೇಲೆ ಮಣ್ಣಿದ್ದಾಗ ತಲೆ ಬಾಗಿಸಲಾಗುವುದಿಲ್ಲ. ಆದ್ದರಿಂದ ಈಗಲೇ ಬಾಗುತ್ತೇನೆ. ನಮಸ್ಕಾರ.